ನಮ್ಮನೆ ಕಂಡಕ್ಟರಿಗೊಂದು ಜೊತೆ ಲೆಗ್ ವಾರ್ಮರ್

ಬೇರೆಯವರ ಕಷ್ಟಕ್ಕೆ ಮಲಗಿದಲ್ಲಿಂದಲೇ ಪರಿಹಾರ ಹೇಳುವುದು ನನಗೆ ಹುಟ್ಟಿನಿಂದ ಬಂದ ಗುಣ. ಕಂಬಳಿಯೊಳಗಿಂದ ಹೇಳಿದ ಪರಿಹಾರಗಳಂತೂ ಬಹಳ ಸೊಗಸಾಗಿರುತ್ತವೆ. ನನ್ನ ಹೆಂಡತಿ ಸುಜಾತ ಬಸ್ ಕಂಡಕ್ಟರು. ಹೊನ್ನಾಳಿಯಿಂದ ಸಾಸ್ವೆಹಳ್ಳಿ ಮೇಲೆ ಚನ್ನಗಿರಿಗೆ ಹೋಗುವ ಮೊದಲ ಬಸ್ಸು ಅವಳದು. ಅವಳು ಖಾಕಿ ಕೋಟು ತೊಟ್ಟು ಹೊರಡುವ ಹೊತ್ತಿಗೆ ಕೋಳಿಗಳೂ ಕೂಗಬೇಕೋ ಬೇಡವೋ ಎಂದು ಯೋಚಿಸುತ್ತಿರುತ್ತವೆ. ನಾನು ನ್ಯಾಮತಿಯ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ನನ್ನ ಕೆಲಸ ಶುರುವಾಗುವುದು ಹತ್ತಕ್ಕೆ. ಆದ್ದರಿಂದ ಅವಳು ಬಾಗಿಲು ತೆಗೆಯುವಾಗ ಕಂಬಳಿಯೊಳಗಿಂದ "ಹುಷಾರು" ಎಂದು ಹೇಳಿ, ಗಂಡನ ಕರ್ತವ್ಯ ಮುಗಿಸಿ, ಮಗ್ಗುಲು ಬದಲಿಸುತ್ತೇನೆ.

ಕಳೆದ ಚಳಿಗಾಲದಲ್ಲಿ ಅವಳು ಮನೆಗೆ ಬಂದವಳೇ ಕಾಲಿಗೆ ಎಣ್ಣೆ ತಿಕ್ಕುತ್ತಾ ಕೂರತೊಡಗಿದಳು. ಬಸ್ಸಿನ ಮುಂದಿನ ಬಾಗಿಲು ಪೂರ್ತಿ ಮುಚ್ಚುವುದಿಲ್ಲವಂತೆ. "ಪಾದಕ್ಕೆ ಶೂ ಐತೆ ರೀ. ಮೊಣಕಾಲಿಂದ ಕೆಳಗೆ ಮಾತ್ರ ಕಾಲು ನಂದಲ್ಲ ಅನ್ಸುತ್ತೆ" ಎಂದಳು. ಉದ್ದನೆಯ ಕಾಲುಚೀಲ ಹಾಕಿಕೋ ಎಂದೆ. ಹಾಕಿದಳು. ಅದು ಸಾಸ್ವೆಹಳ್ಳಿ ಬರುವಷ್ಟರಲ್ಲಿ ಜಾರಿ ಶೂನೊಳಗೆ ಮುದುಡಿ ಕೂರುತ್ತಿತ್ತು. ಒಂದು ಬೆಳಿಗ್ಗೆ ಮರಗಟ್ಟಿದ ಕಾಲು ಮೆಟ್ಟಿಲು ತಪ್ಪಿ, ಸಾಸ್ವೆಹಳ್ಳಿ ಸ್ಟಾಪಿನಲ್ಲಿ ಅವಳು ಮುಗ್ಗರಿಸಿದಳು. ತರಕಾರಿ ಬುಟ್ಟಿಯ ಹೆಂಗಸರು ಹಿಡಿದುಕೊಂಡಿದ್ದರಿಂದ ಉಳಿದಳು. ಮಧ್ಯಾಹ್ನದ ಬಸ್ಸಿಗೆ ಹಾಕಿಸಿಕೋ ಎಂದು ನಾನೂ ಹೇಳಿದೆ, ಡಿಪೋದವರೂ ಹೇಳಿದರು. ಅವಳಿಗೆ ಇಷ್ಟವಿರಲಿಲ್ಲ. "ಆ ತರಕಾರಿಯೋರು ಓಡಿ ಬರ್ತಿರ್ತಾರೆ. ನಾನಾದ್ರೆ ಎಲ್ಡು ನಿಮಿಷ ಕಾಯ್ತೀನಿ. ಬ್ಯಾರೆಯೋರು ರೈಟ್ ಅಂದುಬಿಟ್ರೆ ಅವರ ಸಂತೆ ಹೋತು" ಎಂದಳು. ಆದರೆ ಹಾಗೆನ್ನುವಾಗ ಅವಳ ದನಿಯಲ್ಲಿ ಮೊದಲಿನ ಗಟ್ಟಿತನವಿರಲಿಲ್ಲ.

ಆ ದಿನವೇ ನಾನು ಫೋನಿನಲ್ಲಿ ಲೆಗ್ ವಾರ್ಮರ್ ಎಂಬ ವಸ್ತುವನ್ನು ನೋಡಿದ್ದು. ಪಾದವೇ ಇಲ್ಲದ ಉಣ್ಣೆಯ ಕಾಲುಚೀಲ. ಮೊಣಕಾಲಿನಿಂದ ಹರಡಿನವರೆಗೆ ಮಾತ್ರ. "ಇಷ್ಟೇನಾ! ನಾನೇ ಹೆಣೆದುಕೊಡ್ತೀನಿ" ಎಂದುಬಿಟ್ಟೆ. ಸುಜಾತ ಎಣ್ಣೆ ಕೈಯಲ್ಲೇ ನನ್ನ ಮುಖ ನೋಡಿದಳು. ನೋಡಲು ಕಾರಣವಿದೆ. ಅವಳು ಜಗಳೂರಿನವಳು. ಊರಿನ ಹೆಸರು ಕೇಳಿಯೇ ನಮ್ಮ ಸೋದರತ್ತೆ ಹಿಂದೇಟು ಹಾಕಿದ್ದರು. ಹೆಣ್ಣು ನೋಡಲು ಹೋದಾಗ "ಹೊಲಿಗೆ ಹೆಣಿಗೆ ಬರ್ತದೇನಮ್ಮಾ?" ಎಂದು ಅವರು ಕೇಳಿದರೆ, ಸುಜಾತ ತಲೆ ತಗ್ಗಿಸಿಕೊಂಡೇ "ಇಲ್ರಿ. ನಿಮ್ಮ ಹುಡುಗಗೆ ಬರ್ತದೇನ್ರಿ?" ಎಂದಿದ್ದಳು. ಹುಡುಗನಿಗೆ ಅಂಗಿಯ ಗುಂಡಿ ಹಾಕಿಕೊಳ್ಳಲು ಮಾತ್ರ ಬರುತ್ತಿತ್ತು. ಆದರೂ ಆ ಪ್ರಶ್ನೆಗೇ ನಾನು ಒಪ್ಪಿಬಿಟ್ಟೆ.

ನನ್ನ ಗುರುಗಳು ನ್ಯಾಮತಿಯ ಪಾರ್ವತಮ್ಮ ಟೀಚರ್, ನಿವೃತ್ತ ಹೊಲಿಗೆ ಶಿಕ್ಷಕಿ. ಶಾಲೆ ಬಿಟ್ಟ ಮೇಲೆ ದಿನಕ್ಕೊಂದು ಗಂಟೆ ಅವರ ಜಗಲಿಯಲ್ಲಿ ಪಾಠ. ಮರೂನ್ ಬಣ್ಣದ ಉಲ್ಲನ್ ದಾರ, ಎರಡು ಕಡ್ಡಿ. "ಎರಡು ಕುಣಿಕೆ ಸೀದಾ, ಎರಡು ಉಲ್ಟಾ. ಸೀದಾದ ಮ್ಯಾಲೆ ಸೀದಾನೇ ಬರ್ಬೇಕು. ಆಗ ಹೊಲದ ಸಾಲಿನಂಗೆ ಗೀರು ಬೀಳ್ತದೆ. ಆ ಗೀರೇ ಕಾಲನ್ನ ಹಿಡ್ಕಳೋದು, ಜಾರಾಕೆ ಬಿಡಲ್ಲ" ಎಂದು ಹೇಳಿಕೊಟ್ಟರು. ಅರವತ್ತು ಕುಣಿಕೆ ಹಾಕಿಸಿದರು. ಅರವತ್ತು ನಾಲ್ಕರಿಂದ ಶೇಷವಿಲ್ಲದೆ ಭಾಗವಾಗುತ್ತದೆಂದು ಇಪ್ಪತ್ತೆರಡು ವರ್ಷ ಮಕ್ಕಳಿಗೆ ಹೇಳಿದವನು ನಾನು. ನನ್ನ ಕಡ್ಡಿಯ ಮೇಲೆ ಮಾತ್ರ ಪ್ರತಿ ಸಾಲಿನ ಕೊನೆಗೂ ಒಂದೋ ಮೂರೋ ಉಳಿಯುತ್ತಿತ್ತು. "ಮೇಷ್ಟ್ರೇ, ಕಡ್ಡೀನ ಬೆತ್ತ ಹಿಡ್ದಂಗೆ ಹಿಡಿದೀರಲ್ಲ, ಪಾಪ, ಆ ದಾರ ಏನು ತಪ್ಪು ಮಾಡೈತೆ?" ಎಂದರು ಪಾರ್ವತಮ್ಮ. ನ್ಯಾಮತಿಗೆ ಬಸ್ಸಿನಲ್ಲಿ ಹೋಗಿ ಬರುವಾಗಲೂ ಹೆಣೆದೆ. ಪಕ್ಕದಲ್ಲಿ ಕೂತ ಅಜ್ಜಿಯೊಬ್ಬಳು ಬಹಳ ಹೊತ್ತು ನೋಡಿ, "ಮನ್ಯಾಗೆ ಹೆಣ್ಮಕ್ಕಳು ಯಾರೂ ಇಲ್ಲೇನಪ್ಪಾ?" ಎಂದು ಕನಿಕರದಿಂದ ಕೇಳಿದಳು. ಇದ್ದಾಳೆ, ಬಸ್ಸಿಗೆ ಹೋಗಿದ್ದಾಳೆ ಎಂದೆ. ಅವಳ ಕನಿಕರ ಇನ್ನಷ್ಟು ಹೆಚ್ಚಿತು.

ಮೊದಲನೆಯದನ್ನು ಹೆಣೆದು, ಎರಡೂ ಬದಿ ಸೇರಿಸಿ ಹೊಲಿದು ಮುಗಿಸಲು ಮೂರು ವಾರ ಹಿಡಿಯಿತು. ಸುಜಾತ ಮಂಚದ ಅಂಚಿನಲ್ಲಿ ಕೂತು ಎಳೆದಳು, ಎಳೆದಳು, ಹಿಮ್ಮಡಿ ದಾಟಲಿಲ್ಲ. ಕೊನೆಯ ಸಾಲನ್ನು ನಾನು ಅಷ್ಟು ಬಿಗಿಯಾಗಿ ಮುಚ್ಚಿದ್ದೆ. ಅವಳು ನಗಲಿಲ್ಲ. "ಚಂದ ಐತೆ ರೀ. ಒಂಚೂರು ಉಸಿರಾಡಾಕೆ ಬಿಡ್ರಿ ಇದನ್ನ" ಎಂದಳಷ್ಟೆ. ಅವಳು ನಕ್ಕಿದ್ದರೆ ನಾನು ಕಡ್ಡಿ ಕೆಳಗಿಡುತ್ತಿದ್ದೆನೇನೋ. ಅಂಚು ಬಿಚ್ಚಿ ಸಡಿಲವಾಗಿ ಮುಚ್ಚಿದೆ. ಎರಡನೆಯದಕ್ಕೆ ಕೈ ಪಳಗಿತ್ತು. ಎಷ್ಟು ಪಳಗಿತ್ತೆಂದರೆ ಅದು ಮೊದಲನೆಯದಕ್ಕಿಂತ ನಾಲ್ಕು ಬೆರಳು ಉದ್ದವಾಗಿ, ಅಗಲವಾಗಿ, ಯಾರೋ ಪೈಲ್ವಾನನಿಗೆ ಹೆಣೆದಂತೆ ಬಂತು. ಪಾರ್ವತಮ್ಮ ಎರಡನ್ನೂ ಪಕ್ಕಪಕ್ಕ ಇಟ್ಟು, "ಒಂದ್ರಾಗೆ ಹೆದರಿಕೆ ಐತೆ, ಇನ್ನೊಂದ್ರಾಗೆ ಧೈರ್ಯ ಐತೆ. ಬಿಚ್ಚಿ ಹೆಣೀರಿ" ಎಂದರು. ಆದರೆ ಅಷ್ಟರಲ್ಲಿ ಚಳಿ ಇನ್ನೂ ಬಲಿತಿತ್ತು. ಇದ್ದ ಹಾಗೆಯೇ ಕೊಟ್ಟೆ.

ಅವಳು ಹಾಕಿಕೊಂಡು ಹೋದಳು. ಬಂದು "ಬೆಚ್ಚಗೈತೆ" ಎಂದಳು. ಎಣ್ಣೆ ಬಾಟಲಿ ಕಪಾಟು ಸೇರಿತು. ನಾನು ಸ್ಟಾಫ್ ರೂಮಿನಲ್ಲಿ ಹೆಣಿಗೆಯ ಬಗ್ಗೆ ಭಾಷಣ ಮಾಡುವಷ್ಟು ಬೆಳೆದೆ. ಆದರೆ ವಾರ ಕಳೆಯುವಷ್ಟರಲ್ಲಿ ಒಂದು ಗಮನಿಸಿದೆ. ಒಗೆದು ತಂತಿಯ ಮೇಲೆ ಹಾಕುತ್ತಿದ್ದುದು ಒಂದೇ, ಆ ಹೆದರಿಕೆಯದು. "ಇನ್ನೊಂದು ಎಲ್ಲಿ?" ಎಂದರೆ "ಬಸ್ನಾಗೆ ಐತೆ" ಎಂದು ಅಡುಗೆಮನೆಗೆ ಹೋದಳು. ನನ್ನ ಆರು ವಾರಗಳ ಶ್ರಮದ ಅರ್ಧ ಭಾಗ ಬಸ್ಸಿನ ಗಾಜು ಒರೆಸುತ್ತಿರಬಹುದೆಂಬ ಚಿತ್ರ ಕಣ್ಣ ಮುಂದೆ ಬಂದು ಊಟ ಸೇರಲಿಲ್ಲ.

ಭಾನುವಾರ ಅವಳು ಹೊರಟ ಮೇಲೆ ಪಂಚೆಯಲ್ಲೇ, ಮಂಕಿ ಟೋಪಿ ಹಾಕಿಕೊಂಡು ಬಸ್ ಸ್ಟ್ಯಾಂಡಿಗೆ ಓಡಿದೆ. ಹತ್ತುವಾಗಲೇ ಕಂಡಿತು. ಡ್ರೈವರ್ ರುದ್ರಪ್ಪನವರ ಬಲಗಾಲಿನಲ್ಲಿ, ಖಾಕಿ ಪ್ಯಾಂಟಿನ ಮೇಲೆ, ನನ್ನ ಧೈರ್ಯ! ಅವರು ನನ್ನನ್ನು ಗುರುತಿಸಿ ಕಾಲು ಎತ್ತಿ ತೋರಿಸಿದರು. "ಮೇಷ್ಟ್ರೇ, ಎಡಗಾಲಿಗೆ ಇಂಜಿನ್ ಬಿಸಿ ಬಡೀತೈತಿ. ಈ ಬಲಗಾಲು ಮಾತ್ರ ನನ್ನ ಕಡೆ ಬಾಗಿಲ ಸಂದಿನಾಗೆ ಸೆಟೆದು ಹೋಗ್ತಿತ್ತು, ಬ್ರೇಕ್ ತುಳಿಯಾಕೂ ಯೋಚಿಸ್ಬೇಕಿತ್ತು. ಮೂವತ್ತು ವರ್ಷದಾಗೆ ಈಗ ಬೆಚ್ಚಗಾತು ನೋಡ್ರಿ." ಮೂವತ್ತು ವರ್ಷ ಚಳಿ ಹಿಡಿದ ಕಾಲನ್ನು ನೋಡಿ ನನ್ನ ಸಿಟ್ಟು ಎಲ್ಲಿ ಕೂರಬೇಕೆಂದು ತಿಳಿಯದೆ ನಿಂತುಬಿಟ್ಟಿತು.

ಸುಜಾತ ಟಿಕೆಟ್ ಮೆಷಿನ್ ಹಿಡಿದು ಬಂದಳು. "ಎಲ್ಲಿಗೆ ರೀ?" ಎಂದಳು, ಅಪರಿಚಿತನನ್ನು ಕೇಳುವಂತೆ.

"ಚನ್ನಗಿರಿ. ಅಲ್ಲ, ನಿನಗೆ ಒಂದೇ ಸಾಕಾ?"

"ನಂಗೆ ಗಾಳಿ ಹೊಡೆಯೋದು ಬಾಗಿಲ ಕಡೆ ಕಾಲಿಗೆ, ಎಡಗಾಲಿಗೆ. ಇನ್ನೊಂದಕ್ಕೆ ಏನೂ ಆಗಿಲ್ಲ."

"ಮೊದಲೇ ಹೇಳಬಾರದಿತ್ತಾ?"

"ನಾನು ಕಾಲು ಅಂದೆ. ಎರಡು ಅಂತ ಲೆಕ್ಕ ಹಾಕಿದ್ದು ನೀವು. ಅಷ್ಟು ಆಸೆಪಟ್ಟು ಹೆಣೀತಿದ್ರಿ, ಹೆಂಗೆ ಬ್ಯಾಡ ಅನ್ನಾಕೆ ಆಗ್ತದೆ?" ಎಂದು ಟಿಕೆಟ್ ಕೊಟ್ಟು, ಬಾಗಿಲ ಪಕ್ಕದ ಸೀಟು ತೋರಿಸಿ ಮುಂದೆ ಹೋದಳು.

ಕೂತೆ. ಬಸ್ಸು ಊರು ದಾಟಿ ಗದ್ದೆಬಯಲಿಗೆ ಬಿತ್ತು. ಬಾಗಿಲ ಸಂದಿನಿಂದ ನುಗ್ಗಿದ ಗಾಳಿ ಪಂಚೆಯನ್ನು ಲೆಕ್ಕಕ್ಕೇ ಇಟ್ಟುಕೊಳ್ಳಲಿಲ್ಲ. ಮೊದಲು ಕಾಲಿನ ಮೇಲೆ ಕಾಲು ಹಾಕಿದೆ. ಆಮೇಲೆ ಟವೆಲ್ ಸುತ್ತಿದೆ. ಸಾಸ್ವೆಹಳ್ಳಿಯಲ್ಲಿ ಬುಟ್ಟಿಯ ಹೆಂಗಸರು ಓಡುತ್ತಾ ಬಂದರು, ಸುಜಾತ ಕಾದಳು, ಇಳಿದು ಒಬ್ಬಳ ಬುಟ್ಟಿಗೆ ಕೈ ಕೊಟ್ಟಳು, ಎಡಗಾಲನ್ನು ಮೆಟ್ಟಿಲ ಮೇಲೆ ಗಟ್ಟಿಯಾಗಿ ಊರಿ ಹತ್ತಿದಳು. ಅದನ್ನು ನೋಡಿ ಎದೆಯೇನೋ ಬೆಚ್ಚಗಾಯಿತು. ಕಾಲಿಗೆ ಅದು ಇಳಿಯಲಿಲ್ಲ. ಮೆಲ್ಲಗೆ ಎರಡೂ ಕಾಲನ್ನು ಸೀಟಿನ ಮೇಲೆ ಎಳೆದುಕೊಂಡು, ಪಂಚೆಯೊಳಗೆ ಮುದುಡಿ ಕೂತೆ.

"ರೀ, ಕಾಲು ಕೆಳಗಿಡ್ರಿ" ಎಂದಳು ಕಂಡಕ್ಟರು. "ಜನ ಕೂರೋ ಸೀಟು ಅದು."

ಇಳಿಸಿದೆ. ಚನ್ನಗಿರಿ ಇನ್ನೂ ಬಹಳ ದೂರವಿತ್ತು.