ಏಡಿಯ ಹಲ್ಲು, ಹುಳುವಿನ ಜ್ವರ, ನಮ್ಮ ಮಾವ

ನಮ್ಮ ಸೋದರಮಾವನಿಗೆ ಬೆನ್ನುಮೂಳೆ ಇರುವ ಪ್ರಾಣಿಗಳೆಂದರೆ ಅಷ್ಟಕ್ಕಷ್ಟೇ. ನೆಂಟರೆಲ್ಲ ಆ ಗುಂಪಿಗೇ ಸೇರುವುದರಿಂದ ಹೇಗೋ ಸುಧಾರಿಸಿಕೊಂಡು ಹೋಗುತ್ತಾರೆ. "ಭೂಮಿ ಮೇಲಿರೋವು ಹೆಚ್ಚುಕಮ್ಮಿ ಎಲ್ಲಾ ಮೂಳೆ ಇಲ್ದವೇ ಕಣೋ. ನಾವು ನಾಲ್ಕು ಜನ ಸುಮ್ನೆ ಕುರ್ಚಿ ಹಾಕ್ಕೊಂಡು ಕೂತಿದ್ದೀವಿ" ಎನ್ನುತ್ತಾರೆ. ಚಿಂತಾಮಣಿಯ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದವರು, ಈಗ ನಿವೃತ್ತರಾಗಿ ದಿಬ್ಬೂರಹಳ್ಳಿಯಲ್ಲಿದ್ದಾರೆ. ನಿಂತದ್ದು ಸಂಬಳ ಮಾತ್ರ. ಪಾಠ ನಿಂತಿಲ್ಲ.

ಒಮ್ಮೆ ಅತ್ತೆ ಏಡಿ ಸಾರು ಮಾಡಿದ್ದರು. ಮಾವ ಏಡಿಯ ಚಿಪ್ಪು ಬಿಚ್ಚಿ, "ಇದರ ಹಲ್ಲು ಎಲ್ಲಿದೆ ಹೇಳ್ರಪ್ಪ" ಎಂದರು. ಬಾಯಲ್ಲಿ ಎಂದೆವು. "ಹೊಟ್ಟೇಲಿ! ನುಂಗಿದ್ಮೇಲೆ ಅಗಿಯುತ್ತೆ" ಎಂದು ತೆಗೆದೂ ತೋರಿಸಿದರು. ನಾವೆಲ್ಲ ಮೊಸರನ್ನಕ್ಕೆ ಹೋದೆವು. ಮಾವ ಐದು ಏಡಿ ತಿಂದರು. ಆರೋ? ನನ್ನ ಡೈರಿಯಲ್ಲಿ ಐದು ಎಂದಿದೆ. ಆದರೆ ಅದನ್ನು ಬರೆದವನೂ ನಾನೇ ತಾನೆ, ಎಷ್ಟೆಂದು ನಂಬುವುದು!

ನನಗೆ ಹೆಣ್ಣು ನೋಡಲು ಗೌರಿಬಿದನೂರಿಗೆ ಹೋದಾಗ ನಡುಮನೆಯಲ್ಲಿ ಜಿರಳೆಯೊಂದು ಓಡಿತು. ಹುಡುಗಿಯ ತಂದೆ ಚಪ್ಪಲಿ ಎತ್ತಿದರು. "ತಲೆಗೆ ಹೊಡೀಬೇಡಿ, ಪ್ರಯೋಜನ ಇಲ್ಲ" ಎಂದರು ಮಾವ. "ಅದು ಉಸಿರಾಡೋದು ಪಕ್ಕೆ ತೂತುಗಳಿಂದ. ತಲೆ ಹೋದ್ರೂ ಒಂದು ವಾರ ಬದುಕುತ್ತೆ." ಆ ಸಂಬಂಧ ಅಷ್ಟು ದಿನವೂ ಬದುಕಲಿಲ್ಲ.

ಇಂಥವರ ಕೈಹಿಡಿದ ಅತ್ತೆ ಮೂವತ್ತು ವರ್ಷದಿಂದ ರೇಷ್ಮೆಹುಳು ಸಾಕುತ್ತಿದ್ದಾರೆ. ಹುಳುಮನೆಯೊಳಗೆ ಗಂಡನಿಗೆ ಪ್ರವೇಶವಿಲ್ಲ. ಹುಳುಗಳನ್ನು ನೋಡಿ "ಚೆನ್ನಾಗಿವೆ" ಎಂದು ಹೊಗಳಬಾರದು, ದೃಷ್ಟಿಯಾಗುತ್ತದೆ ಎಂಬುದು ಅಲ್ಲಿನ ಕಟ್ಟಳೆ. ಮಾವನೋ ಹೊಗಳದೆ ಇರಲಾರರು. ಹೀಗಾಗಿ ಕಿಟಕಿಯ ಬಲೆಯ ಹೊರಗೆ ಅವರಿಗೊಂದು ಸ್ಟೂಲು. ಅಲ್ಲಿ ಕುಳಿತೇ ಬೀದಿಯವರಿಗೆಲ್ಲ, "ಬೆಳಕು ಕಣ್ಣೊಳಗೆ ಬರುತ್ತೆ ಕಣ್ರೀ, ಕಣ್ಣಿಂದ ಏನೂ ಹೊರಗೆ ಹೋಗಲ್ಲ. ದೃಷ್ಟಿ ಎಲ್ಲಿಂದ ತಾಗುತ್ತೆ?" ಎಂದು ವಾದ ಹೂಡುತ್ತಿದ್ದರು. ಈ ವಾದದಲ್ಲಿ ಅವರು ಯಾರಿಗೂ ಸೋತದ್ದಿಲ್ಲ.

ಹೋದ ಸಲದ ರೇಷ್ಮೆ ಬೆಳೆ ಕೆಟ್ಟಿತು. ಒಂದೇ ಸಾಲಿನಲ್ಲಿ ದೊಡ್ಡ ಹುಳು, ಸಣ್ಣ ಹುಳು, ಗೂಡು ಜೊಳ್ಳು. "ನಿಮ್ಮ ಕಣ್ಣೇ ತಾಗಿದ್ದು!" ಎಂದು ಅತ್ತೆ ನೆಂಟರೆದುರೇ ಅತ್ತರು. ನಾವು ಬೆಳಕಿನ ಪಾಠಕ್ಕೆ ಸಿದ್ಧರಾದೆವು. ಮಾವ ತಲೆ ತಗ್ಗಿಸಿ, "ತಾಗಿರಬೇಕು ಕಣೇ" ಎಂದರು.

ನನಗೆ ಏಡಿಯ ಹಲ್ಲು ನೋಡಿದಾಗಲೂ ಅಷ್ಟು ಆಶ್ಚರ್ಯವಾಗಿರಲಿಲ್ಲ.

ಈ ಸಲ ಹೋದಾಗ ಹುಳುಗಳು ಮೂರನೇ ಜ್ವರಕ್ಕೆ ಕೂತಿದ್ದವು. ನಮ್ಮ ಕಡೆ ಜ್ವರವೆಂದರೆ ಕಾಯಿಲೆಯಲ್ಲ; ಹುಳು ಮೇವು ಬಿಟ್ಟು, ತಲೆಯೆತ್ತಿ ಕದಲದೆ ಕೂತು, ಹಳೆಯ ಚರ್ಮ ಕಳಚುವ ಹೊತ್ತು. ಎಲ್ಲವೂ ಎದ್ದ ಮೇಲೆಯೇ ಸೊಪ್ಪು ಹಾಕಬೇಕು. ಮಾವ ಸ್ಟೂಲಿನಲ್ಲಿ ಕೂತೇ ದನಿ ತಗ್ಗಿಸಿದರು.

"ಹೋದ ಸಲ ಅರ್ಧ ಹುಳು ಎದ್ದಿರಲಿಲ್ಲ. ನಾನು ಕಿಟಕಿಗೆ ಬರೋ ಹೊತ್ತಿಗೆ ಇವಳು ಸೊಪ್ಪು ಹಾಕಿಬಿಟ್ಟಿದ್ಲು. ಎದ್ದಿದ್ದು ತಿಂದು ಬೆಳೀತು, ಮಲಗಿದ್ದು ಹಿಂದೆ ಬಿತ್ತು. ಕಣ್ಣಿಗೆ ಪೊರೆ ಬಂದಿದೆ ಕಣೋ ಅವಳಿಗೆ. ಯಾರಿಗೂ ಹೇಳ್ತಿಲ್ಲ. ಆಪರೇಷನ್ ಅಂದ್ರೆ ಎದ್ದು ಹೋಗ್ತಾಳೆ."

"ನೀವಾದ್ರೂ ಹೇಳಬಾರದಿತ್ತಾ ಮಾವ?"

"ಏನಂತ? ನಿನ್ನ ಕೈಯಿಂದಲೇ ಕೆಡ್ತು ಅಂತಾನಾ? ಮತ್ತೆ ಒಳಗೆ ಕಾಲಿಡಲ್ಲ ಅವಳು. ನನ್ನ ಕಣ್ಣೇ ಕೆಟ್ಟದ್ದು ಅಂತಿರ್ಲಿ ಬಿಡು."

ಅಷ್ಟರಲ್ಲಿ ಅತ್ತೆ ಹುಳುಮನೆಯ ಬಾಗಿಲಿಗೆ ಬಂದರು. ಸೊಂಟದ ಮೇಲೆ ಸೊಪ್ಪಿನ ಬುಟ್ಟಿ. ನಾವಾಡಿದ್ದು ಕೇಳಿಸಿತ್ತೋ ಇಲ್ಲವೋ, ಇವತ್ತಿಗೂ ನನಗೆ ಗೊತ್ತಿಲ್ಲ.

"ರೀ, ಕಾಲು ತೊಳ್ಕೊಂಡು ಒಳಗೆ ಬನ್ನಿ."

ಮಾವ ಸ್ಟೂಲಿನಿಂದ ಎದ್ದ ರಭಸಕ್ಕೆ ಅದು ಉರುಳಿತು. ಬಲೆಯಾಚೆ ಅವರು ಹುಳುಗಳ ಮೇಲೆ ಬಾಗಿದ್ದು ಕಂಡಿತು. ಕನಿಷ್ಠ ಮುಕ್ಕಾಲು ಗಂಟೆಯ ಪಾಠ ಗ್ಯಾರಂಟಿ ಅಂದುಕೊಂಡೆ.

"ಇನ್ನೂ ಕಾಲು ಭಾಗ ಎದ್ದಿಲ್ಲ ಕಣೇ. ಸಾಯಂಕಾಲ ಹಾಕಣ."

ಅಷ್ಟೇ.

ಅತ್ತೆ ಬುಟ್ಟಿ ಕೆಳಗಿಟ್ಟರು. "ಸಾಯಂಕಾಲಾನೂ ನೀವೇ ಬಂದು ನೋಡಿ" ಎಂದರು.

ಮಾವ ತಲೆಯಾಡಿಸಿದರು. ಆಮೇಲೆ, ಅದು ಅತ್ತೆಯ ಕಣ್ಣಿಗೆ ಕಂಡಿರಲಾರದು ಎಂದು ಹೊಳೆಯಿತೇನೋ, ಬಾಯಿಬಿಟ್ಟು ಹೇಳಿದರು:

"ಬರ್ತೀನಿ ಕಣೇ."