ಕೋವಿ ಹಿಡಿದ ಹಂದಿ

ಕೆಟ್ಟ ಹೆಸರು ಬರಬೇಕಾದರೆ ಕೆಟ್ಟ ಕೆಲಸವನ್ನೇ ಮಾಡಬೇಕೆಂದು ನಿಮ್ಮಲ್ಲಿ ಯಾರಾದರೂ ತಿಳಿದಿದ್ದರೆ, ಅವರಿಗೆ ಹೊಸನಗರದ ಕಡೆ ಮಾವನ ಮನೆ ಇಲ್ಲವೆಂದೇ ಅರ್ಥ. ನನ್ನ ಹೆಸರು ಕೆಟ್ಟದ್ದು ಒಂದೇ ಒಂದು ಈಡಿನಿಂದ. ಈಡು ಎಂದರೆ ನಮ್ಮ ಕಡೆ ಕೋವಿಯಿಂದ ಹಾರಿಸುವ ಗುಂಡು. ಅದು ತಗುಲಿದ್ದರೆ ಒಂದು ಹಂದಿ ಸಾಯುತ್ತಿತ್ತು, ಊರಿನವರು ನಾಲ್ಕು ದಿನ ಮಾತಾಡಿ ಮರೆತುಬಿಡುತ್ತಿದ್ದರು. ತಪ್ಪಿದ್ದರಿಂದ ಹಂದಿಯೂ ಬದುಕಿತು, ಮಾತೂ ಬದುಕಿತು. ಹಂದಿ ಇಷ್ಟರಲ್ಲಿ ವಯಸ್ಸಾಗಿ ಸತ್ತಿರಬೇಕು. ಮಾತು ಮಾತ್ರ ಇನ್ನೂ ಗಟ್ಟಿಮುಟ್ಟಾಗಿದೆ.

ಆಗ ನನಗೆ ಮದುವೆಯಾದ ಹೊಸತು, ಎಪ್ಪತ್ತರ ದಶಕದ ಆರಂಭ. ಹೊಸನಗರದ ಕಡೆ ನಗರ ಎಂಬ ಊರಿನ ಹತ್ತಿರವಿರುವ ಹೆಂಡತಿಯ ತವರಿನಲ್ಲಿ ಗದ್ದೆಗೆ ಕಾಡುಹಂದಿ ನುಗ್ಗುತ್ತಿತ್ತು. ಮಾವ ಮಂಜಪ್ಪಗೌಡರಿಗೆ ಒಂದು ಕೇಪಿನ ಕೋವಿ ಇತ್ತು. ಅವರ ಗುರಿ ತಪ್ಪಿದ್ದನ್ನು ಕಂಡವರಿರಲಿಲ್ಲ. ಹೊಸ ಅಳಿಯನಿಗೆ ಮರ್ಯಾದೆ ಮಾಡಬೇಕಲ್ಲ, ನನ್ನ ಕೈಗೆ ಕೋವಿ ಕೊಟ್ಟು, ಹಂದಿ ಹಾಯುವ ಜಾಗದಲ್ಲಿ ನಿಲ್ಲಿಸಿದರು. ಬೇಟೆಗಾರ ಕಾದು ನಿಲ್ಲುವ ಆ ಜಾಗಕ್ಕೆ ಬಿಲ್ಲು ಅನ್ನುತ್ತಾರೆ. "ಏನೇ ಆದ್ರೂ ಬಿಲ್ಲು ಬಿಟ್ಟು ಅಲ್ಲಾಡಬಾರ್ದು ಅಳಿಯಂದ್ರೆ" ಎಂದು ಹೇಳಿ ಹೋದರು. ನಾನು ಹುಟ್ಟಿ ಬೆಳೆದದ್ದು ಸಾಗರದ ಪೇಟೆಯಲ್ಲಿ. ಹಂದಿಯನ್ನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಕಣ್ಣು ಮುಚ್ಚಿ ಒತ್ತಿದೆ. ಕಣ್ಣು ಬಿಟ್ಟಾಗ ನಾನೊಂದು ನೇರಳೆ ಮರದ ಮೇಲಿದ್ದೆ. ಹತ್ತಿದ್ದು ಹೇಗೆಂದು ಇವತ್ತಿಗೂ ನೆನಪಿಲ್ಲ. ಎಲ್ಲರೂ ಬಂದು ಕೆಳಗೆ ನಿಂತು ತಲೆಯೆತ್ತಿ ನೋಡಿದಾಗ ಬಾಯಿಗೆ ಬಂದದ್ದು ಹೇಳಿಬಿಟ್ಟೆ: "ಪಾಪ ಅನ್ನಿಸಿತು ಮಾವ. ಬೇಕೆಂದೇ ತಪ್ಪಿಸಿದೆ."

ಆವತ್ತಿನ ನಗು ನಗರದ ಕೋಟೆಯವರೆಗೂ ಕೇಳಿಸಿರಬೇಕು. ಮಾವ ಒಬ್ಬರು ನಗಲಿಲ್ಲ. ಹೆಣ್ಣು ಕೊಟ್ಟವರು, ನಗುವುದು ಹೇಗೆ? ಅಲ್ಲಿಂದ ಮುಂದೆ ಆ ಮನೆಯಲ್ಲಿ ಯಾರ ಕೈಯಿಂದ ಲೋಟ ಜಾರಿ ಬಿದ್ದರೂ, ದೋಸೆ ಕಾವಲಿಗೆ ಹಿಡಿದರೂ, "ಪಾಪ ಅನ್ನಿಸ್ತು, ಬೇಕಂತಲೇ ತಪ್ಪಿಸ್ದೆ" ಅನ್ನುವುದು ವಾಡಿಕೆಯಾಯಿತು. ನನ್ನ ಹೆಂಡತಿ ಸಾವಿತ್ರಿಯೂ ಅನ್ನುತ್ತಿದ್ದಳು. ಅವಳು ನನ್ನ ಪಕ್ಷವೆಂದು ನಾನು ನಂಬಿದ್ದೆ. ಮದುವೆಯಾದ ಮೇಲೂ ಹೆಣ್ಣುಮಕ್ಕಳು ಕೆಲವು ವಿಷಯಗಳಲ್ಲಿ ತವರಿನ ಪಕ್ಷವನ್ನು ಬಿಡುವುದಿಲ್ಲ ಎಂಬುದು ನನಗೆ ತಿಳಿದದ್ದು ಹಾಗೆ.

ಮಾವನ ಎದುರಿಗೆ ಒಂದು ಸಲವಾದರೂ ಏನನ್ನಾದರೂ ಗುರಿಯಿಟ್ಟು ಹೊಡೆದು ತೋರಿಸಬೇಕು ಎಂಬುದು ನನ್ನ ಹಟವಾಗಿ ಉಳಿಯಿತು. ಆದರೆ ಹೊಡೆಯುವುದೇನನ್ನು? ಕಾನೂನು ಬಂದು ಬೇಟೆ ನಿಂತಿತು. ಮಾವನ ಕೋವಿ ಗೋಡೆಯ ಮೊಳೆಗೆ ಏರಿತು. ನಾನು ತಾಲ್ಲೂಕು ಕಚೇರಿಯ ಗುಮಾಸ್ತ. ನಾನು ಗುರಿಯಿಟ್ಟು ಹೊಡೆಯುವುದು ಏನಿದ್ದರೂ ರಬ್ಬರ್ ಸ್ಟಾಂಪನ್ನು. ಅದೂ ಕೆಲವು ಸಲ ಸಹಿಯ ಮೇಲೇ ಬೀಳುತ್ತಿತ್ತು. ಹೀಗೆ ಹತ್ತು ಹನ್ನೆರಡು ವರ್ಷ ಕಳೆದುಹೋದವು.

ಎಂಬತ್ತರ ದಶಕದ ನಡುವೆ ಒಂದು ಚುನಾವಣೆ ಬಂತು. ಚುನಾವಣೆ ಬಂತೆಂದರೆ ಲೈಸೆನ್ಸಿನ ಕೋವಿಗಳನ್ನೆಲ್ಲ ಪೊಲೀಸ್ ಠಾಣೆಗೆ ಒಪ್ಪಿಸಬೇಕು, ಮತ ಎಣಿಕೆ ಮುಗಿದ ಮೇಲೆ ವಾಪಸು. ಮಾವ ಠಾಣೆಗೆ ಕೋವಿ ಕೊಟ್ಟವರು ಮನೆಗೆ ಹೋಗದೆ ನೇರ ಬಸ್ಸು ಹತ್ತಿ ಸಾಗರಕ್ಕೆ ಬಂದುಬಿಟ್ಟರು. ಚೀಲ ಕೆಳಗಿಡುವ ಮೊದಲೇ, "ನಿಮ್ಮ ಆಫೀಸಿನೋರು ಕೋವಿ ಕಸ್ಕಂಡ್ರು. ಬೋಳು ಗೋಡೆ ನೋಡ್ಕಂಡು ಮನೇಲಿ ಎಂಥ ಮಾಡೋದು? ಅದು ಬರೋವರೆಗೆ ಇಲ್ಲೇ ಇರ್ತೀನಿ" ಅಂದರು. ನಾನು ಸಾಗರದವನು, ಅವರ ಠಾಣೆ ಬೇರೆ, ಇಲಾಖೆಯೂ ಬೇರೆ ಎಂದು ವಿವರಿಸಲು ಹೋದೆ. "ಎಲ್ಲಾ ಸರ್ಕಾರವೇ ಅಲ್ವ" ಅಂದರು. ನಾನು ಅವರ ಚೀಲವನ್ನು ಒಳಗೆ ತೆಗೆದುಕೊಂಡು ಹೋದೆ.

ಊರಿನಲ್ಲಿ ಅವರು ಪ್ರತಿ ವಾರ ಕೋವಿಯನ್ನು ಕೆಳಗಿಳಿಸಿ, ಬಟ್ಟೆಯಿಂದ ಒರೆಸಿ ಎಣ್ಣೆ ಹಾಕುವವರು. ಹಾರಿಸುವುದು ನಿಂತರೂ ಆ ಕೆಲಸ ನಿಂತಿರಲಿಲ್ಲ. ಇಲ್ಲಿ ಕೈ ಸುಮ್ಮನಿರದು. ಮೊದಲು ನಮ್ಮ ಬಾಗಿಲುಗಳಿಗೆ ಎಣ್ಣೆ ಹಾಕಿದರು. ಆಮೇಲೆ ನನ್ನ ಸೈಕಲ್ಲು, ಸಾವಿತ್ರಿಯ ಹೊಲಿಗೆ ಮೆಷಿನ್ನು, ಬಾವಿಯ ರಾಟೆ, ಪಕ್ಕದ ಮನೆಯ ಗೇಟು. ವಾರದೊಳಗೆ ನಮ್ಮ ಬೀದಿಯಲ್ಲಿ ಕಿರ್ ಎನ್ನುವ ವಸ್ತು ಒಂದೂ ಉಳಿಯಲಿಲ್ಲ. ಮುಂದಿನ ವಾರ ಅವರಿಗೆ ಏನು ಕೊಡುವುದೆಂದು ಸಾವಿತ್ರಿಗೆ ಚಿಂತೆಯಾಯಿತು.

ಆಗ ನೆನಪಾದದ್ದು ಬೊಂಬಾಯಿಯಲ್ಲಿರುವ ನನ್ನ ತಮ್ಮ ಸುರೇಶ ಬಿಟ್ಟುಹೋಗಿದ್ದ ಆಟದ ಡಬ್ಬಿ. ಸುರೇಶ ಅದನ್ನು ಅಲ್ಲಿ ಫಾರಿನ್ ಸಾಮಾನಿನ ಅಂಗಡಿಯಲ್ಲಿ ಕೊಂಡಿದ್ದ. ಟೀವಿಗೆ ಜೋಡಿಸಿ ಆಡುವ ವಿಡಿಯೋ ಗೇಮು. ತನ್ನ ರೂಮಿನಲ್ಲಿ ಟೀವಿಯೇ ಇಲ್ಲವೆಂಬುದು ಕೊಂಡ ಮೇಲೆ ಹೊಳೆಯಿತಂತೆ. ನಮ್ಮ ಮನೆಗೆ ಟೀವಿ ಬಂದಿತ್ತು. ಚಿತ್ರ ಬಂದಿರಲಿಲ್ಲ. ತಾಳಗುಪ್ಪದ ರೈಲಿಗೂ ಕಾಣುವಷ್ಟು ಎತ್ತರಕ್ಕೆ ಆಂಟೆನಾ ಏರಿಸಿದ್ದರೂ ವಾರ್ತೆ ಓದುವವರು ಗಂಡಸೋ ಹೆಂಗಸೋ ಎಂಬುದನ್ನು ದನಿಯಿಂದಲೇ ತಿಳಿಯಬೇಕಾಗಿತ್ತು. ಈ ಡಬ್ಬಿ ಜೋಡಿಸಿದಾಗಲೇ ನಮ್ಮ ಟೀವಿಯಲ್ಲಿ ಮೊದಲ ಬಾರಿಗೆ ಏನೋ ಒಂದು ಸ್ಪಷ್ಟವಾಗಿ ಕಂಡದ್ದು.

ಆಟ ಬಹಳ ಸುಲಭ. ಪರದೆಯ ಎಡಗಡೆ ಒಬ್ಬ ಟೋಪಿಯವನು, ಬಲಗಡೆ ಒಬ್ಬ, ನಡುವೆ ಒಂದು ಕಳ್ಳಿ ಗಿಡ. ಇಬ್ಬರ ಕೈಯಲ್ಲೂ ಕೋವಿ, ಇಬ್ಬರಿಗೂ ಆರಾರು ಗುಂಡು. ಆಡುವವರ ಕೈಗೆ ತಂತಿ ಜೋಡಿಸಿದ ಒಂದೊಂದು ತಿರುಗಣೆ, ಅದರಲ್ಲೇ ಒಂದೊಂದು ಗುಂಡಿ. ತಿರುಗಣೆ ತಿರುಗಿಸಿದರೆ ನಮ್ಮವನು ಮೇಲೆ ಕೆಳಗೆ ಸರಿಯುತ್ತಾನೆ, ಗುಂಡಿ ಒತ್ತಿದರೆ ಸುಡುತ್ತಾನೆ. ತಗುಲಿದವನು ಕುಂಯ್ ಎಂದು ಬಿದ್ದು ಮತ್ತೆ ಏಳುತ್ತಾನೆ, ಹೊಡೆದವನಿಗೆ ಒಂದು ಪಾಯಿಂಟು. ಓದು ಬರಹ ಬೇಡ, ಇಂಗ್ಲಿಷ್ ಬೇಡ. ಇಷ್ಟು ಸರಳವಾದ ಕಾನೂನು ಸರ್ಕಾರದಲ್ಲಿ ಒಂದಾದರೂ ಇದ್ದಿದ್ದರೆ ನಮ್ಮ ಕಚೇರಿಯ ಅರ್ಧ ಜನಕ್ಕೆ ಕೆಲಸವಿರುತ್ತಿರಲಿಲ್ಲ. ನಾನು ಆ ಡಬ್ಬಿಯಲ್ಲಿ ಆಗಲೇ ಸಾಕಷ್ಟು ಪಳಗಿದ್ದೆ. ಮಾವನನ್ನು ಟೀವಿಯ ಮುಂದೆ ಕೂರಿಸುವಾಗ ನನ್ನ ಮನಸ್ಸಿನಲ್ಲಿದ್ದದ್ದು ಅವರ ಬೇಸರ ಕಳೆಯುವ ಪುಣ್ಯಕಾರ್ಯವಷ್ಟೇ ಅಲ್ಲ ಎಂಬುದನ್ನು ನೀವು ಊಹಿಸಿರಬಹುದು.

ಮಾವ ಪರದೆಯನ್ನು ನೋಡಿದರು. ತಿರುಗಣೆಯನ್ನು ನೆಲದ ಮೇಲಿಟ್ಟರು. "ಇದು ಮನುಷ್ಯ ಅಲ್ವ?" ಅಂದರು.

"ಹೌದು ಮಾವ, ಅವನನ್ನೇ ಹೊಡೆಯೋದು."

"ಖಾಲಿ ಕೋವೀನೂ ಮನುಷ್ಯರ ಕಡೆ ತೋರ್ಸಬಾರ್ದು. ನಮ್ಮನೇಲಿ ಹಂಗೆ ತೋರ್ಸಿದೋರಿಗೆ ನಮ್ಮಪ್ಪ ಕಪಾಳಕ್ಕೆ ಕೊಡೋರು. ಅದ್ರಲ್ಲೂ ಆ ಕಡೇಲಿ ಆಡೋರು ಮನೆ ಅಳಿಯ. ನನ್ನ ಕೈಲಿ ಆಗಲ್ಲ. ಇದ್ರಲ್ಲಿ ಹಂದಿ ಇಲ್ವ?"

ಹಂದಿ ಇರಲಿಲ್ಲ. ಮಾಡಿದವರು ಎಲ್ಲೋ ಪರದೇಶದವರು, ಹೊಸನಗರದವರು ಆಡಿಯಾರು ಎಂದು ಯೋಚಿಸಿರಲಿಲ್ಲ. ನನ್ನ ಆಸೆ ಅಲ್ಲಿಗೇ ಮುಗಿಯುವಂತಿತ್ತು. ಕಡುಬಿಗೆ ಹಿಟ್ಟು ಕಲಸುತ್ತಿದ್ದ ಸಾವಿತ್ರಿ ಒಳಗಿಂದ ಬಂದು ಪರದೆ ನೋಡಿದಳು. "ಅಪ್ಪಯ್ಯ, ಬಲಗಡೆದು ಹಂದಿ ಅಂತ ಇಟ್ಕೊ. ಎಡಗಡೆ ನೀನು. ಆಗ ಆಗುತ್ತಲ್ಲ?"

ಬಲಗಡೆಯದು ನಾನು. ಮಾವ ಪರದೆಯನ್ನು ನೋಡಿದರು, ನನ್ನನ್ನು ನೋಡಿದರು, ಮತ್ತೆ ಪರದೆಯನ್ನು ನೋಡಿದರು. "ಆಗುತ್ತೆ" ಅಂದರು.

"ಹಂದಿ ಕೈಲಿ ಕೋವಿ ಹೇಗೆ ಬಂತು?" ಎಂದು ನಾನು ಸ್ವಲ್ಪ ಖಾರವಾಗಿಯೇ ಕೇಳಿದೆ. "ಕೋರೆ ಅಂತ ತಿಳ್ಕಳಿ. ಹಂದಿ ತಿರುಗಿ ಬೀಳಲ್ವ?" ಅಂದರು ಮಾವ. ಅವರ ಮಾತು ಶಾಸ್ತ್ರಬದ್ಧವಾಗಿತ್ತು. ಹೀಗೆ ನಾನು ನನ್ನ ಸ್ವಂತ ಮನೆಯಲ್ಲಿ, ನನ್ನ ಸ್ವಂತ ಟೀವಿಯಲ್ಲಿ ಹಂದಿಯಾದೆ.

ಮಾವ ಆಡಿದ ರೀತಿಯನ್ನು ಹೇಳಬೇಕು. ಅವರು ಆಡಲೇ ಇಲ್ಲ. ತಮ್ಮವನನ್ನು ಕಳ್ಳಿ ಗಿಡದ ಮರೆಗೆ ತಂದು ನಿಲ್ಲಿಸಿ ಸುಮ್ಮನೆ ಕೂತರು. ಕಣ್ಣು ಮಿಟುಕಿಸಲಿಲ್ಲ. ನಾನು ಮೇಲೆ ಓಡಿದೆ, ಕೆಳಗೆ ಓಡಿದೆ, ಆರೂ ಗುಂಡನ್ನು ಕಳ್ಳಿಗೆ ಹೊಡೆದು ಮುಗಿಸಿದೆ. ಆಮೇಲೆ ಮಾವ ಅಕ್ಕಿಕಾಳಿನಷ್ಟು ಸರಿದು ಒಂದೇ ಸಲ ಒತ್ತಿದರು. ಕುಂಯ್. "ಹಂದಿ ಬಿತ್ತು ಸಾವಿತ್ರಿ" ಎಂದು ಒಳಗೆ ಕೂಗಿ ಹೇಳಿದರು. ಉಳಿದ ಐದು ಗುಂಡು ಹಾಗೆಯೇ ಇದ್ದವು. ದಂಡ ಮಾಡಲು ಅವರಿಗೆ ಮನಸ್ಸು ಬರುತ್ತಿರಲಿಲ್ಲ.

ಬೇಟೆಯೆಂದ ಮೇಲೆ ಪಾಲು ಬೇಡವೇ? ಹೊಡೆದವನಿಗೆ ಒಳ್ಳೆಯ ಪಾಲು ಹೋಗುವುದು ಆ ಊರಿನ ಕಟ್ಟು. ಭಾನುವಾರದ ಕೋಳಿಸಾರಿನಲ್ಲಿ ಅದು ಜಾರಿಗೆ ಬಂತು. ಗೆದ್ದವರಿಗೆ ಕಾಲು, ಸೋತವರಿಗೆ ಕುತ್ತಿಗೆ. ಕೋಳಿಗೆ ಇಷ್ಟು ಉದ್ದದ ಕುತ್ತಿಗೆ ಇರುತ್ತದೆಂದು ನನಗೆ ಗೊತ್ತಿರಲಿಲ್ಲ.

ಸುದ್ದಿ ಬೀದಿಗೆಲ್ಲ ಹಬ್ಬಿತು. ಪಕ್ಕದ ಮನೆಯ ಡ್ರಿಲ್ ಮೇಷ್ಟ್ರು ಹೆಗಡೆಯವರು ಪೀಪಿಯ ಸಮೇತ ಅಂಪೈರಾಗಿ ಬಂದರು. ಶುದ್ಧ ಸಸ್ಯಾಹಾರಿಗಳು, ಬಾಯಲ್ಲಿ ಹಂದಿಯೆಂದು ಬರಬಾರದೆಂದು "ಬಲಗಡೆ ಪಾರ್ಟಿ ಔಟ್" ಎಂದು ಕೂಗುತ್ತಿದ್ದರು. ಬೀದಿಯ ಗಂಡಸರೆಲ್ಲ ಸರದಿಯಲ್ಲಿ ಬಂದು ಬಲಗಡೆ ಕೂತು ಹಂದಿಯಾಗಿ, ಬಿದ್ದು, ಕಾಫಿ ಕುಡಿದು ಹೋದರು. ಮಾವನ ಮುಖದಲ್ಲಿ ಅಂಥ ಕಳೆಯನ್ನು ನಾನು ಬೇಟೆ ನಿಂತ ಮೇಲೆ ಕಂಡಿರಲಿಲ್ಲ. ಎಣ್ಣೆಯ ಬಟ್ಟಲು ಮೂಲೆ ಸೇರಿತ್ತು. ನನಗೆ ಹೊಟ್ಟೆಕಿಚ್ಚಾಗುತ್ತಿತ್ತು, ಖುಷಿಯೂ ಆಗುತ್ತಿತ್ತು.

ಎಣಿಕೆ ಮುಗಿದು, ಕೋವಿ ವಾಪಸು ಕೊಡುತ್ತಾರೆಂದು ಊರಿನಿಂದ ಸುದ್ದಿ ಬಂತು. ಮರುದಿನವೇ ಮಾವನ ಪ್ರಯಾಣ. ಹೊರಡುವ ಮುನ್ನ ಭಾನುವಾರದ ಸಂಜೆ ಕೊನೆಯ ಪಂದ್ಯ ಎಂದು ಹೆಗಡೆಯವರು ಸಾರಿದರು. ನಮ್ಮ ಹಜಾರದಲ್ಲಿ ಕಾಲಿಡಲು ಜಾಗವಿರಲಿಲ್ಲ. ನಾನು ಈ ದಿನಕ್ಕೆಂದೇ ಒಂದು ಉಪಾಯ ಮಾಡಿಟ್ಟುಕೊಂಡಿದ್ದೆ: ನಾನೂ ಕಳ್ಳಿಯ ಹಿಂದೆ ನಿಂತೆ, ನಾನೂ ಸುಡಲಿಲ್ಲ. ಗಿಡದ ಆಚೆ ಮಾವ, ಈಚೆ ನಾನು. ಜನ ಬೈಯತೊಡಗಿದರು. ಹಂದಿ ಹೀಗೆ ಕೂತದ್ದನ್ನು ಜನ್ಮದಲ್ಲಿ ಕಂಡಿರದ ಮಾವ ತಾಳ್ಮೆ ಕಳೆದುಕೊಂಡು ಒಂದು ಹಾರಿಸಿದರು. ತಪ್ಪಿತು. ಇನ್ನೊಂದು, ಮತ್ತೊಂದು. ಹೀಗೆ ಇಬ್ಬರೂ ಹೊಡೆದುಕೊಂಡು, ಬಿದ್ದು ಎದ್ದು, ಕೊನೆಗೆ ಪಾಯಿಂಟು ಸಮ ಸಮವಾದಾಗ ಮಾವನ ಗುಂಡು ಖಾಲಿ. ನನ್ನದು ಒಂದು ಉಳಿದಿತ್ತು.

"ಗಿಡದ ಹಿಂದೆ ಹೋಗಿ ಗೌಡ್ರೆ!" ಎಂದು ಎಲ್ಲರೂ ಕೂಗಿದರು. ಮಾವನ ಟೋಪಿಯವನು ಬಯಲಿನಲ್ಲಿದ್ದ. ತಿರುಗಣೆ ಒಂದು ಸುತ್ತು ತಿರುಗಿಸಿದ್ದರೆ ಮರೆಗೆ ಹೋಗುತ್ತಿದ್ದ. ಮಾವ ತಿರುಗಿಸಲಿಲ್ಲ. "ಬಿಲ್ಲು ಬಿಟ್ಟು ಓಡೋದು ನಂಗೆ ಗೊತ್ತಿಲ್ಲ" ಎಂದು ಮೆಲ್ಲಗೆ ಹೇಳಿ, ಬೆನ್ನು ನೆಟ್ಟಗೆ ಮಾಡಿ ಕೂತರು. ನಾನು ಒಮ್ಮೆ ಅವರ ಕಡೆ ನೋಡಿದೆ. ನೋಡಬಾರದಿತ್ತು. ತಿರುಗಣೆಯನ್ನು ಎರಡೂ ಕೈಯಲ್ಲಿ ಹಿಡಿದಿದ್ದರು. ಪರದೆಯ ಮೇಲೆ ನಿಂತವನು ಎಡಗಡೆಯ ಪಾರ್ಟಿಯೂ ಅಲ್ಲ, ಟೋಪಿಯವನೂ ಅಲ್ಲ. ಅವರೇ. ನನ್ನ ಕೋವಿ ನೇರ ಅವರ ಎದೆಗಿತ್ತು. ನನಗೆ ಅವರ ಮೇಲೆ ಎಷ್ಟು ಪ್ರೀತಿಯಿದೆ ಎಂಬುದು ಅಷ್ಟು ವರ್ಷಕ್ಕೆ ಆಗ ಗೊತ್ತಾಯಿತು. ಖಾಲಿ ಕೋವಿಯನ್ನೂ ಮನುಷ್ಯರ ಕಡೆ ತೋರಿಸಬಾರದು. ತಿರುಗಣೆಯನ್ನು ಕೂದಲೆಳೆಯಷ್ಟು ತಿರುಗಿಸಿ ಒತ್ತಿದೆ. ಗುಂಡು ಅವರ ಟೋಪಿಯ ಮೇಲಿಂದ ಹಾದು ಹೋಯಿತು. ಪಾಯಿಂಟು ಸಮವಾದ್ದರಿಂದ ಮತ್ತೆ ಗುಂಡು ತುಂಬಿಕೊಂಡು ಆಡಿದ ಮುಂದಿನ ಸುತ್ತಿನಲ್ಲಿ ಮಾವ ಒಂದೇ ಈಡಿಗೆ ನನ್ನನ್ನು ಉರುಳಿಸಿದರು. ಹೆಗಡೆಯವರು ಪೀಪಿ ಊದಿದರು.

ಊಟಕ್ಕೆ ಕೂತಾಗ ನನಗೆ ತಡೆಯಲಾಗಲಿಲ್ಲ. ಅಷ್ಟು ದೊಡ್ಡ ತ್ಯಾಗ ಮಾಡಿ ಯಾರಿಗೂ ಹೇಳದಿರುವಷ್ಟು ದೊಡ್ಡ ಮನುಷ್ಯ ನಾನಲ್ಲ. ಬಡಿಸುತ್ತಿದ್ದ ಸಾವಿತ್ರಿಗೆ ಮೆಲ್ಲನೆ ಹೇಳಿದೆ: "ಆ ಕೊನೇ ಗುಂಡು ಇದೆಯಲ್ಲ, ಪಾಪ ಅನ್ನಿಸಿತು ಕಣೆ. ಬೇಕೆಂದೇ ತಪ್ಪಿಸಿದೆ."

ಹೇಳಿದ ಮೇಲೆ ಅದು ಯಾವ ಮಾತೆಂದು ನನಗೇ ಹೊಳೆಯಿತು. ಸಾವಿತ್ರಿ ಸೌಟು ಕೆಳಗಿಟ್ಟು ಗೋಡೆಗೆ ಒರಗಿ ನಕ್ಕಳು. ನಕ್ಕು ಮುಗಿಸಿ, ಕಣ್ಣೊರೆಸಿಕೊಂಡು ನನ್ನ ತಟ್ಟೆಗೆ ಕುತ್ತಿಗೆ ಬಡಿಸಿದಳು. ಹಂದಿ ತಪ್ಪಿದ ದಿನದಂತೆಯೇ ಮಾವ ಈಗಲೂ ನಗಲಿಲ್ಲ. ಕಡುಬು ಮುರಿಯುತ್ತಾ ನನ್ನ ಕಡೆ ಬಾಗಿ ಹೇಳಿದರು: "ಮನಸ್ಸಿಗೆ ಹಚ್ಕಬೇಡಿ ಅಳಿಯಂದ್ರೆ. ಅಷ್ಟು ಹತ್ರದ್ದು ತಪ್ಪುತ್ತೆ ಅಂದ್ರೆ ಅದು ಕೈದಲ್ಲ, ಕಣ್ಣಿಂದು. ಶಿವಮೊಗ್ಗದಲ್ಲಿ ಒಳ್ಳೆ ಡಾಕ್ಟ್ರಿದಾರೆ, ಒಂದ್ಸಲ ತೋರಿಸ್ಕಳಿ."

ಮುಂದೆ ಪ್ರತಿ ಭೇಟಿಯಲ್ಲೂ "ತೋರ್ಸಿದ್ರಾ?" ಎಂದು ಕಳಕಳಿಯಿಂದ ಕೇಳತೊಡಗಿದರು. ಕೊನೆಗೆ ಶಿವಮೊಗ್ಗಕ್ಕೆ ಹೋದೆ. ಡಾಕ್ಟರು ಕಣ್ಣಿಗೇನೂ ಆಗಿಲ್ಲ, ಹದ್ದಿನ ಕಣ್ಣು ಅಂದರು. ಅದನ್ನು ಮಾವನಿಗೆ ಹೇಳುವುದು ಹೇಗೆ? ಪೇಟೆಯಲ್ಲಿ ಇಳಿದು ಸಿಕ್ಕಿದ ನಂಬರಿನ ಒಂದು ಕನ್ನಡಕ ಕೊಂಡೆ. ಈಗಲೂ ಮಾವನ ಮನೆಯ ತಿರುವು ಬಂದಾಗ ಅದನ್ನು ಜೇಬಿನಿಂದ ತೆಗೆದು ಹಾಕಿಕೊಳ್ಳುತ್ತೇನೆ. ಮಾವನಿಗೆ ಸಮಾಧಾನ, ಬಂದವರಿಗೆಲ್ಲ ತೋರಿಸಿ, "ಪಾಪ, ಮೊದ್ಲೇ ಗೊತ್ತಾಗಿದ್ರೆ ಆ ಹಂದೀನೂ ಬೀಳ್ತಿತ್ತು" ಅನ್ನುತ್ತಾರೆ. ನಾನು ಹೌದೆಂದು ತಲೆಯಾಡಿಸುತ್ತೇನೆ. ಅದನ್ನು ಹಾಕಿಕೊಂಡರೆ ನನಗೆ ಎದುರಿಗಿರುವ ಕಾಫಿ ಲೋಟವೂ ಸರಿಯಾಗಿ ಕಾಣುವುದಿಲ್ಲ. ಹೋದ ಸಲ ಕೈ ತಾಗಿ ಲೋಟ ಮಗುಚಿತು. ಮನೆಯವರೆಲ್ಲ ನನ್ನ ಬಾಯಿಂದ ಆ ಒಂದು ಮಾತು ಬರುವುದನ್ನು ಕಾಯುತ್ತಾ ಕೂತಿದ್ದರು.