ಟೈಲರ್‌ಗೆ ನೂರೈವತ್ತು

ಕೆಲಸಕ್ಕೆ ಸೇರಿದ ಹೊಸದರಲ್ಲಿ ನನಗೊಂದು ಭದ್ರವಾದ ನಂಬಿಕೆಯಿತ್ತು. ಬ್ಯಾಂಕಿನವರು ಹೇಳುವ ‘ಮಿನಿಮಮ್ ಬ್ಯಾಲೆನ್ಸ್’ ಎಂದರೆ, ನಾನು ಎಷ್ಟೇ ಖರ್ಚು ಮಾಡಿಕೊಂಡರೂ ನನ್ನ ಖಾತೆಯಲ್ಲಿ ಕಡೇಪಕ್ಷ ಅಷ್ಟಾದರೂ ಇರುವಂತೆ ಅವರೇ ನೋಡಿಕೊಳ್ಳುತ್ತಾರೆ ಎಂದು! ಎಂಥ ಕರುಣಾಳುಗಳು ಎಂದು ಕಣ್ಣು ತುಂಬಿ ಬಂದಿತ್ತು. ತಿಂಗಳ ಇಪ್ಪತ್ತೆಂಟಕ್ಕೆ ಖಾತೆ ಬರಿದಾದಾಗ ಕೌಂಟರಿಗೆ ಹೋಗಿ, “ಮೇಡಂ, ನನ್ನ ಮಿನಿಮಮ್ ಬ್ಯಾಲೆನ್ಸ್ ಇನ್ನೂ ಹಾಕಿಲ್ಲ, ಕೆಲಸದ ಗಡಿಬಿಡೀಲಿ ಮರೆತಿರಬೇಕು” ಎಂದು ವಿನಯದಿಂದ ನೆನಪಿಸಿದೆ. ಆಕೆ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನನ್ನನ್ನು ನೋಡಿದರು. ಆಮೇಲೆ ದಂಡ ಕಟ್ಟಿಸಿಕೊಂಡರು.

ಇಂಥ ಹಣಕಾಸು ತಜ್ಞನಾದ ನಾನು ಈ ವರ್ಷ ಮನೆಯ ಖರ್ಚಿಗೆ ಕಡಿವಾಣ ಹಾಕುವ ಪಣ ತೊಟ್ಟೆ!

ಕಾರಣ, ನನ್ನ ಹೆಂಡತಿ. ಅವಳು ಶಾಲೆಯ ಬಸ್ಸಿನಲ್ಲಿ ಮಕ್ಕಳನ್ನು ಹತ್ತಿಸಿ ಇಳಿಸುವ ಕೆಲಸ ಮಾಡುತ್ತಾಳೆ. ಡ್ರೈವರ್ ಹಿಂದಿನ ಸೀಟಿನಲ್ಲಿ ವರ್ಷಗಟ್ಟಲೆ ಕೂತು ಕೂತು, ಆತ ಯಾವ ತಿರುವಿನಲ್ಲಿ ತಪ್ಪು ಗೇರು ಹಾಕುತ್ತಾನೆ ಎಂಬುದು ಅವಳಿಗೆ ಬಾಯಿಪಾಠ. ಆತ ಈ ವರ್ಷ ನಿವೃತ್ತನಾಗುವವನಿದ್ದ. “ದೊಡ್ಡ ಗಾಡಿ ಲೈಸೆನ್ಸ್ ಮಾಡಿಸ್ಕೊಂಡು ಬಾಮ್ಮ, ಸ್ಟೀರಿಂಗ್ ನಿನ್ನ ಕೈಗೇ” ಎಂದು ಶಾಲೆಯವರು ಮಾತು ಕೊಟ್ಟಿದ್ದರು. ಡ್ರೈವಿಂಗ್ ಸ್ಕೂಲಿನ ಫೀಸು ಎಂಟು ಸಾವಿರ. ಅವಳು ಕೂಡಿಟ್ಟದ್ದು ಆರು. ಕಟ್ಟಲು ಕೊನೆಯ ದಿನಕ್ಕೆ ಎರಡು ತಿಂಗಳಿತ್ತು. ಆ ಬ್ಯಾಚು ತಪ್ಪಿದರೆ ಮುಂದಿನದು ಆರು ತಿಂಗಳ ನಂತರ. ಅಷ್ಟರಲ್ಲಿ ಸ್ಟೀರಿಂಗ್ ಇನ್ಯಾರದೋ ಕೈಯಲ್ಲಿರುತ್ತದೆ.

“ಎರಡು ಸಾವಿರ ತಾನೇ? ಈ ಮನೇಲಿ ಸೋರಿಹೋಗ್ತಿರೋದನ್ನ ಹಿಡಿದ್ರೆ ಸಾಕು! ನಾನು ಕೊಡ್ತೀನಿ!” ಎಂದು ಎದೆ ತಟ್ಟಿಕೊಂಡೆ.

“ಎಲ್ಲಿ ಸೋರ್ತಿದೆ?”

“ಅದನ್ನೇ ಪತ್ತೆ ಹಚ್ಚೋದು!”

“ಬೇಡ ರೀ, ನಂಗೆ ಭಯ ಆಗುತ್ತೆ. ಹೋದ್ಸಲ ನೀವು ನಲ್ಲಿ ಸೋರೋದನ್ನ ಪತ್ತೆ ಹಚ್ಚಿದಾಗ ಮೂರು ದಿನ ಮನೇಲಿ ನೀರಿರಲಿಲ್ಲ.”

ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ನಾನಿರುವುದು ಲಿಫ್ಟ್ ರಿಪೇರಿ ಮಾಡುವ ಕಂಪನಿಯಲ್ಲಿ. ಸ್ಪ್ಯಾನರ್ ಹಿಡಿಯುವವನಲ್ಲ, ಫೋನಿನಲ್ಲಿ ಬರುವ ದೂರುಗಳನ್ನು ಬರೆದುಕೊಳ್ಳುವವನು. ಆಫೀಸಿನಿಂದ ಖಾಲಿ ರಿಜಿಸ್ಟರೊಂದನ್ನು ತಂದು ಅಡಿಗೆಮನೆಯ ಬಾಗಿಲಿಗೆ ದಾರ ಕಟ್ಟಿ ತೂಗುಹಾಕಿದೆ. ತಾರೀಖು, ದೂರು, ಕಾರಣ, ಕೈಗೊಂಡ ಕ್ರಮ ಎಂದು ನಾಲ್ಕು ಕಾಲಂ. ‘ದೂರು’ ಎಂಬುದನ್ನು ಹೊಡೆದು ‘ಖರ್ಚು’ ಎಂದು ಬರೆದೆ. ಉಳಿದದ್ದೆಲ್ಲ ಹಾಗೇ ಇರಲಿ, ಎಷ್ಟು ಶಿಸ್ತಾಗಿದೆ! ಅಮ್ಮ, ಹೆಂಡತಿ, ನಾನು, ಮೂವರೂ ಒಂದು ಬಿಡಿಗಾಸು ಬಿಡದೆ ಬರೆಯತಕ್ಕದ್ದು ಎಂದು ಆಜ್ಞೆ ಹೊರಡಿಸಿದೆ.

ಮೊದಲ ವಾರದ ದಾಖಲೆಗಳು ಹೀಗಿದ್ದವು. ಹೆಂಡತಿಯ ಕೈಬರಹ: ‘ಸಾಬೂನು. ಕಾರಣ: ಕೊಳೆ. ಕೈಗೊಂಡ ಕ್ರಮ: ಸ್ನಾನ.’ ಅಮ್ಮನದು: ‘ಮಂಡಿನೋವಿನ ಮುಲಾಮು. ಕಾರಣ: ಈ ಮನೆಯ ಮೆಟ್ಟಿಲು. ಕೈಗೊಂಡ ಕ್ರಮ: ಮಗನಿಗೆ ಹೇಳಿದ್ದೇನೆ, ಕೇಳುವವರಿಲ್ಲ.’ ನನ್ನದು ಮಾತ್ರ ಸನ್ಯಾಸಿಯ ದಿನಚರಿ! ಬಸ್ ಟಿಕೆಟ್, ಬಸ್ ಟಿಕೆಟ್, ಬಸ್ ಟಿಕೆಟ್.

ಇಲ್ಲಿ ಓದುಗರ ಮುಂದೆ ಒಂದು ಸಣ್ಣ ವಿಷಯ ಒಪ್ಪಿಕೊಳ್ಳಬೇಕು. ಒಂದೂವರೆ ವರ್ಷದ ಹಿಂದೆ ನಮ್ಮ ಆಫೀಸಿನ ಬಸ್‌ಸ್ಟಾಪಿನ ಪಕ್ಕ ಒಂದು ಬೇಕರಿ ತೆರೆದಿದ್ದರು. ಸಂಜೆ ಬಸ್ಸು ಬರುವ ತನಕ ಅಲ್ಲಿ ಎರಡು ಕ್ರೀಮ್ ಬನ್ನು, ಒಂದು ಚಹಾ. ಅದನ್ನು ರಿಜಿಸ್ಟರಿನಲ್ಲಿ ಯಾಕೆ ಬರೆಯಲಿಲ್ಲ ಎನ್ನುತ್ತೀರಾ? ಸ್ವಾಮಿ, ನಾವು ಬರೆಯುತ್ತಿದ್ದದ್ದು ಮನೆಯ ಖರ್ಚು. ಬೇಕರಿ ಮನೆಯಲ್ಲಿಲ್ಲವಲ್ಲ!

ತಿಂಗಳ ಮೊದಲ ಭಾನುವಾರ ರಿಜಿಸ್ಟರ್ ಹಿಡಿದು ವಿಚಾರಣೆಗೆ ಕೂತೆ. ಪೇಪರಿನವನಿಗೆ ಇನ್ನೂರು, ಕಟ್! ಇಸ್ತ್ರಿಯವನಿಗೆ ಮುನ್ನೂರು, ಕಟ್! ಅಮ್ಮನ ಟಿವಿ ಚಾನೆಲ್ಲುಗಳಿಗೆ ಮುನ್ನೂರೈವತ್ತು.

“ಅದಕ್ಕೆ ಕೈ ಹಾಕಿದ್ರೆ ನೋಡು!” ಎಂದರು ಅಮ್ಮ.

“ಸೊಸೆ ಬಸ್ ಓಡಿಸೋದು ಬೇಡ್ವಾ ಅಮ್ಮಾ?”

ಅಮ್ಮ ರಿಮೋಟನ್ನು ಮೇಜಿನ ಮೇಲಿಟ್ಟು ಬೆನ್ನು ತಿರುಗಿಸಿದರು. ಎಂಟುನೂರೈವತ್ತಾಯಿತು. ತಿಂಗಳಿಗೆ ಸಾವಿರ ತುಂಬಲು ಇನ್ನು ನೂರೈವತ್ತು ಬೇಕು. ಬೆರಳು ಕೆಳಗಿಳಿಯಿತು. ಹೆಂಡತಿಯ ಕೈಬರಹದಲ್ಲಿ ಸರಿಯಾಗಿ ಅಷ್ಟೇ ಕಾಣಿಸಿತು: ‘ಟೈಲರ್, 150. ಕಾರಣ: ಅವಶ್ಯಕ. ಕೈಗೊಂಡ ಕ್ರಮ: ಹೊಲಿಸಲಾಯಿತು.’

“ಏನು ಹೊಲಿಸಿದ್ದು?”

ಹೆಂಡತಿ ಅಮ್ಮನ ಮುಖ ನೋಡಿದಳು. ಅಮ್ಮ ಕಿಟಕಿ ನೋಡಿದರು.

“ಹಳೇದು” ಎಂದಳು ಹೆಂಡತಿ.

“ಹಳೇದು ಏನು?”

“ಬಟ್ಟೆ ರೀ. ಹಳೇ ಬಟ್ಟೆ. ತಿಂಗಳಿಗೊಂದ್ಸಲ ಇರುತ್ತೆ.”

“ತಿಂಗಳಾ ತಿಂಗಳಾ ಹೊಲಿಸೋ ಹಳೇ ಬಟ್ಟೆ ಯಾವುದು? ಹಡಗಿನ ಹಾಯಿಯಾ?”

“ಅದೊಂದು ಇರ್ಲಿ ಬಿಡೋ” ಎಂದರು ಅಮ್ಮ, ಎಂದೂ ಇಲ್ಲದ ಮೆತ್ತಗಿನ ದನಿಯಲ್ಲಿ. ಅತ್ತೆ ಸೊಸೆ ಒಂದೇ ಪಕ್ಷ! ನನಗೆ ಆಗಲೇ ಅನುಮಾನ ಬರಬೇಕಿತ್ತು. ಬರಲಿಲ್ಲ. ಬಂದದ್ದು ಭಾಷಣ.

“ನನ್ನನ್ನ ನೋಡಿ ಕಲೀರಿ! ಮದುವೇಲಿ ಹೊಲಿಸಿದ ನಾಲ್ಕು ಪ್ಯಾಂಟು. ನಾಲ್ಕು ವರ್ಷ ಆಯ್ತು, ಒಂದು ಹೊಸದು ಕೇಳಿದ್ದೀನಾ? ಇವತ್ತಿಗೂ ಅಳತೆ ತೆಗೆದ ಹಾಗಿದೆ! ಒಂದು ಇಂಚು ಆ ಕಡೆ ಈ ಕಡೆ ಆಗಿದೆಯಾ?”

ಅಮ್ಮನಿಗೆ ಕೆಮ್ಮು ಬಂತು. ಹೆಂಡತಿ ನೀರು ತರುವ ನೆಪದಲ್ಲಿ ಒಳಗೆ ಹೋದವಳು ಬಹಳ ಹೊತ್ತು ಬರಲಿಲ್ಲ. ನಾನು ಕೆಂಪು ಶಾಯಿಯಲ್ಲಿ ಟೈಲರನ್ನೂ ಕಟ್ ಮಾಡಿ, ಸಾಮ್ರಾಜ್ಯ ಗೆದ್ದವನಂತೆ ರಿಜಿಸ್ಟರನ್ನು ದಾರಕ್ಕೆ ತೂಗುಹಾಕಿದೆ.

ಉಳಿತಾಯ ಶುರುವಾಯಿತು. ಬೆಳಿಗ್ಗೆ ನಾನೇ ಇಸ್ತ್ರಿ ಮಾಡತೊಡಗಿದೆ. ಎರಡು ಅಂಗಿಗಳ ಬೆನ್ನಿನ ಮೇಲೆ ಇಸ್ತ್ರಿಪೆಟ್ಟಿಗೆಯ ಆಕಾರದ ಕಂದು ಮುದ್ರೆ ಬಿತ್ತು. ಅಮ್ಮ ಟಿವಿ ನೋಡಲು ಪಕ್ಕದ ಮನೆಗೆ ಹೋಗತೊಡಗಿದರು. ಬರುವಾಗ ಆ ಮನೆಯ ಮಗ ಎಷ್ಟು ಒಳ್ಳೆಯವನು ಎಂಬ ಸುದ್ದಿಯನ್ನೂ ತರುತ್ತಿದ್ದರು. ಆದರೇನು! ತಿಂಗಳ ಕೊನೆಗೆ ಬಿಸ್ಕತ್ತಿನ ಡಬ್ಬಿಯೊಳಗೆ ಸಾವಿರ ಬಂದು ಕೂತಿತು. ಆ ಸಂತೋಷಕ್ಕೆ ಬೇಕರಿಯಲ್ಲಿ ಎರಡು ಬನ್ನಿನ ಜೊತೆಗೆ ಒಂದು ಕೇಕನ್ನೂ ಸೇರಿಸಿಕೊಂಡೆ.

ಎರಡನೇ ತಿಂಗಳು ಒಂದು ವಿಚಿತ್ರ ನಡೆಯಿತು. ಪ್ಯಾಂಟುಗಳು ಬಿಗಿಯತೊಡಗಿದವು. ನಾಲ್ಕೂ!

“ಈ ಸೋಪಿನ ಪುಡಿ ಯಾವುದು? ಬಟ್ಟೆ ಕುಗ್ಗಿಸ್ತಾ ಇದೆ!” ಎಂದು ಕೂಗಾಡಿದೆ.

“ಪುಡಿ ಅದೇ ರೀ.”

“ಹಾಗಾದ್ರೆ ನೀರು ಬದಲಾಗಿದೆ!”

“ರೀ, ಒಂದ್ಸಲ ಟೈಲರ್ ಹತ್ರ...”

“ಆ ಹೆಸರು ಎತ್ತಬೇಡ! ನಿನಗೆ ಬಸ್ಸು ಬೇಕಾ, ಟೈಲರ್ ಬೇಕಾ?”

ನಾನು ರಿಜಿಸ್ಟರಿನಲ್ಲಿ ಬರೆದೆ: ‘ಪ್ಯಾಂಟು ಬಿಗಿ. ಕಾರಣ: ಕಳಪೆ ಪುಡಿ. ಕೈಗೊಂಡ ಕ್ರಮ: ಉಸಿರು ಬಿಗಿಹಿಡಿಯಲಾಗಿದೆ.’

ಫೀಸು ಕಟ್ಟಲು ಮೂರೇ ದಿನ ಬಾಕಿ. ಡಬ್ಬಿಯಲ್ಲಿ ಭರ್ತಿ ಎರಡು ಸಾವಿರ. ಅವತ್ತು ನಮ್ಮ ಮೆಕ್ಯಾನಿಕ್ ರಜೆ ಹಾಕಿದ್ದ. ಹತ್ತು ಮಹಡಿಯ ಕಟ್ಟಡವೊಂದರಿಂದ ಒಂದೇ ಸಮನೆ ದೂರು: ಲಿಫ್ಟು ಮೂರನೇ ಮಹಡಿ ದಾಟುವಾಗ ಏನೋ ಸದ್ದು ಮಾಡುತ್ತದೆ. ಆ ಕಟ್ಟಡದ ವರ್ಷದ ಕರಾರಿಗೆ ಆ ವಾರವೇ ಸಹಿ ಬೀಳಬೇಕಿತ್ತು. ಮ್ಯಾನೇಜರ್ ಗಾಬರಿಯಾಗಿ, “ನೀನೇ ಬಾರಯ್ಯ, ರಿಜಿಸ್ಟರ್ ಹಿಡ್ಕೊಂಡು ನಿಂತ್ರೆ ತಜ್ಞನ ಹಾಗೆ ಕಾಣ್ತೀಯ” ಎಂದು ನನ್ನನ್ನು ಎಳೆದುಕೊಂಡು ಹೋದರು.

ಕಟ್ಟಡದ ಕಾರ್ಯದರ್ಶಿ ಒಬ್ಬ ನಿವೃತ್ತ ಹೆಡ್‌ಮಿಸ್ಟ್ರೆಸ್. ಮೂವರೂ ಲಿಫ್ಟಿನೊಳಗೆ ನಿಂತೆವು. ಬಾಗಿಲು ಮುಚ್ಚಿತು.

“ಯಾರೂ ಮಾತಾಡಬಾರದು. ಸದ್ದು ಕೇಳಿಸ್ಕೊಳ್ಳಿ” ಎಂದು ಆಕೆ ತುಟಿಯ ಮೇಲೆ ಬೆರಳಿಟ್ಟರು.

ಒಂದು. ಎರಡು. ಸೂಜಿ ಬಿದ್ದರೂ ಕೇಳಿಸುವಷ್ಟು ಮೌನ. ಮ್ಯಾನೇಜರ್ ನನಗೆ ಕಣ್ಣಿನಲ್ಲೇ ಸನ್ನೆ ಮಾಡಿದರು: ಏನಾದರೂ ಮಾಡಯ್ಯ! ತಜ್ಞನಾದವನು ನೆಲಕ್ಕೆ ಕಿವಿ ಕೊಟ್ಟು ಕೇಳಬೇಕಲ್ಲವೇ? ನಾನು ಗಂಭೀರವಾಗಿ, ಮೂರನೇ ಮಹಡಿಗೆ ಸರಿಯಾಗಿ, ಕುಕ್ಕರಗಾಲಿನಲ್ಲಿ ಕೂತು ಬಾಗಿದೆ.

ಪರ್‌ರ್‌ರ್‌ರ್!

“ಇದೇ! ಇದೇ ಸದ್ದು!” ಎಂದು ಹೆಡ್‌ಮಿಸ್ಟ್ರೆಸ್ ಕಿರುಚಿದರು. “ಆದ್ರೆ ಇಷ್ಟು ಜೋರಾಗಿರಲಿಲ್ಲ! ಏನೋ ಹರೀತು!”

“ಹಗ್ಗ!” ಎಂದು ಮ್ಯಾನೇಜರ್ ಗೋಡೆಗೆ ಒರಗಿ ಬೆವತರು. ಸಿಕ್ಕ ಗುಂಡಿಗಳನ್ನೆಲ್ಲ ಒತ್ತಿದರು. ಬಾಗಿಲು ನಾಲ್ಕನೇ ಮಹಡಿಯಲ್ಲಿ ತೆರೆದದ್ದೇ ತಡ, ಇಬ್ಬರೂ ಹೊರಗೆ ಹಾರಿದರು. ನಾನು ಹಾರಲಿಲ್ಲ. ಲಿಫ್ಟಿನ ಮೂಲೆಗೆ ಬೆನ್ನು ಅಂಟಿಸಿ, ಹಿಂದುಗಡೆಗೆ ರಿಜಿಸ್ಟರ್ ಅಡ್ಡ ಹಿಡಿದು ನಿಂತೆ.

“ಹೊರಗೆ ಬಾರಯ್ಯಾ! ಪ್ರಾಣ ಹೋಗುತ್ತೆ!”

“ಪರವಾಗಿಲ್ಲ ಸಾರ್, ನಾನಿಲ್ಲೇ ಇರ್ತೀನಿ.”

“ಎಂಥ ಕರ್ತವ್ಯನಿಷ್ಠೆ!” ಎಂದರು ಹೆಡ್‌ಮಿಸ್ಟ್ರೆಸ್. ಒಂದು ಕ್ಷಣ ನನಗೂ ಹೆಮ್ಮೆಯಾಯಿತು. ಮರುಕ್ಷಣ ಆಕೆ ಮ್ಯಾನೇಜರತ್ತ ತಿರುಗಿದರು. “ಹಗ್ಗ ಹರಿಯೋ ಲಿಫ್ಟಿಗೆ ನಾನು ಸಹಿ ಹಾಕೋದಿಲ್ಲ. ಬೇರೆ ಕಂಪನಿಯವರನ್ನ ಕರೆಸ್ತೀನಿ.”

ಮ್ಯಾನೇಜರ್ ಮುಖ ಸುಣ್ಣವಾಯಿತು. ಕರಾರು ಹೋದರೆ ಮೊದಲು ಹೋಗುವ ಕೆಲಸ ದೂರು ಬರೆದುಕೊಳ್ಳುವವನದು. ನಾನು ಗಂಟಲು ಸರಿಮಾಡಿಕೊಂಡೆ.

“ಮೇಡಂ, ಹರಿದದ್ದು ಲಿಫ್ಟಿನದಲ್ಲ.”

“ಮತ್ತೆ ಯಾರದು?”

“ನಂದು.”

ಆಕೆಗೆ ಅರ್ಥವಾಗಲಿಲ್ಲ. ಅರ್ಥ ಮಾಡಿಸಲು ನಾನು ತಿರುಗಿ ನಿಲ್ಲಬೇಕಾಯಿತು. ಮೂವತ್ತು ವರ್ಷ ಮಕ್ಕಳನ್ನು ನಗಲು ಬಿಡದೆ ಪಾಠ ಹೇಳಿದ ಆ ತಾಯಿ ಅವತ್ತು ಮೆಟ್ಟಿಲ ಮೇಲೆ ಕೂತು, ಹೊಟ್ಟೆ ಹಿಡಿದುಕೊಂಡು, ಕಣ್ಣೀರು ಬರುವವರೆಗೆ ನಕ್ಕರು. ಆಮೇಲೆ ಕರಾರಿಗೆ ಸಹಿಯನ್ನೂ ಹಾಕಿದರು, ಸುತ್ತಿಕೊಳ್ಳಲು ಒಂದು ಹೂವಿನ ಚಿತ್ರದ ಬೆಡ್‌ಶೀಟನ್ನೂ ಕೊಟ್ಟರು. ಮೂರನೇ ಮಹಡಿಯ ನಿಜವಾದ ಸದ್ದು ಬಾಗಿಲ ಸಂದಿಗೆ ಸಿಕ್ಕಿದ್ದ ಒಂದು ಬಾಟಲಿ ಮುಚ್ಚಳದ್ದು ಎಂದು ಮೆಕ್ಯಾನಿಕ್ ಮರುದಿನ ಪತ್ತೆ ಹಚ್ಚಿದ.

“ನಾಳೆ ನೆಟ್ಟಗಿರೋ ಬಟ್ಟೇಲಿ ಬಾ” ಎಂದಷ್ಟೇ ಹೇಳಿ ಮ್ಯಾನೇಜರ್ ಮುಖ ತಿರುಗಿಸಿದರು. ಅವರ ಭುಜ ಕುಲುಕುತ್ತಿತ್ತು.

ಬೆಡ್‌ಶೀಟಿನಲ್ಲೇ ಸೀದಾ ಟೈಲರ್ ಅಂಗಡಿಗೆ ಹೋದೆ. ಅವನು ಪ್ಯಾಂಟನ್ನು ಬೆಳಕಿಗೆ ಹಿಡಿದು ಹಳೆಯ ಗೆಳೆಯನನ್ನು ಕಂಡಂತೆ ನಿಟ್ಟುಸಿರು ಬಿಟ್ಟ.

“ಎರಡು ತಿಂಗಳಿಂದ ಯಾಕೆ ಸಾರ್ ಕಳಿಸಲಿಲ್ಲ ಇದನ್ನ?”

“ನಾನೆಲ್ಲಿ ಕಳಿಸಿದ್ದೆ?”

“ನಿಮ್ಮ ಮನೆಯವರು ಕಳಿಸ್ತಾರಲ್ಲ, ತಿಂಗಳಿಗೊಂದು. ಒಂದೂವರೆ ವರ್ಷದಿಂದ ಬಿಚ್ಚಿ ಬಿಚ್ಚಿ ಹೊಲೀತಿದ್ದೀನಿ. ನೋಡಿ, ಇಲ್ಲಿ ಹಿಂದುಗಡೆ ಒಂದು ತ್ರಿಕೋನ ಸೇರಿಸಿದ್ದೀನಿ. ಹಾಕ್ಕೊಳ್ಳೋರಿಗೇ ಗೊತ್ತಾಗಬಾರದು, ಅದು ಕೈಚಳಕ!”

“ಒಟ್ಟು ಎಷ್ಟಾಗಿದೆ?”

“ಮೂರೂವರೆ ಇಂಚು ಸಾರ್.”

ನನಗೆ ಕೂರಬೇಕೆನಿಸಿತು. ಕೂರಲು ಧೈರ್ಯ ಬರಲಿಲ್ಲ. “ಉಳಿದ ಮೂರನ್ನಾದ್ರೂ ನಾಳೆಗೆ ಸಡಿಲ ಮಾಡಿಕೊಡಪ್ಪಾ.”

“ಆಗಲ್ಲ ಸಾರ್. ಒಳಗಡೆ ಬಟ್ಟೆ ಮುಗೀತು. ನೀವು ಮಾತ್ರ ಮುಗೀತಿಲ್ಲ.”

ಹೊಸ ಪ್ಯಾಂಟು ಒಂದಕ್ಕೆ ಸಾವಿರ, ಎರಡಕ್ಕೆ ಎರಡು ಸಾವಿರ. ಮನೆಗೆ ಬಂದು ಬಿಸ್ಕತ್ತಿನ ಡಬ್ಬಿಯ ಮುಂದೆ ನಿಂತೆ. ಅದರಲ್ಲೂ ಸರಿಯಾಗಿ ಎರಡು ಸಾವಿರ! ಹೆಂಡತಿ ಬಾಗಿಲಲ್ಲಿ ನಿಂತು ನನ್ನನ್ನು, ಬೆಡ್‌ಶೀಟನ್ನು, ಡಬ್ಬಿಯನ್ನು ನೋಡಿದಳು.

“ತಗೊಳ್ಳಿ ರೀ” ಎಂದಳು ಮೆಲ್ಲಗೆ. “ಆಫೀಸಿಗೆ ಬೆಡ್‌ಶೀಟಲ್ಲಿ ಹೋಗೋಕಾಗುತ್ತಾ? ಮುಂದಿನ ಬ್ಯಾಚ್ ನೋಡಿದ್ರಾಯ್ತು.”

ಅವಳು ಬೈದಿದ್ದರೆ ತೆಗೆದುಕೊಂಡುಬಿಡುತ್ತಿದ್ದೆನೋ ಏನೋ. ಬೈಯಲಿಲ್ಲ. ನಾನು ಡಬ್ಬಿಯ ಮುಚ್ಚಳ ಒತ್ತಿ, ರಿಜಿಸ್ಟರ್ ಎಳೆದುಕೊಂಡು ಕೂತು, ಒಂದೂವರೆ ವರ್ಷದ ಕ್ರೀಮ್ ಬನ್ನುಗಳನ್ನು ಒಂದೇ ಸಾಲಿನಲ್ಲಿ ಬರೆದೆ. ‘ಕಾರಣ’ದಲ್ಲಿ ಏನೂ ತೋಚಲಿಲ್ಲ. ಮೊತ್ತ ಓದಿದ ಅಮ್ಮ, “ಇದ್ರಲ್ಲಿ ಒಂದು ಬಸ್ಸೇ ಬರ್ತಿತ್ತಲ್ಲೋ!” ಎಂದರು.

ಮರುದಿನ ನಮ್ಮ ಮೆಕ್ಯಾನಿಕ್‌ಗೆ ಕೈಮುಗಿದು ಅವನ ಹಳೆಯ ನೀಲಿ ಡಾಂಗ್ರಿ ಇಸಿದುಕೊಂಡೆ. ಕುತ್ತಿಗೆಯಿಂದ ಕಾಲಿನವರೆಗೆ ಒಂದೇ ಬಟ್ಟೆ, ಸೊಂಟ ಎಂಬ ಪ್ರಶ್ನೆಯೇ ಇಲ್ಲ! ಅದನ್ನು ಹಾಕಿಕೊಂಡು ಮೇಜಿನ ಮುಂದೆ ಕೂತರೆ, ದಾರಿಯಲ್ಲಿ ಹೋಗುವವರೆಲ್ಲ ಒಳಗೆ ಬಂದು ಫ್ಯಾನ್ ರಿಪೇರಿ ಮಾಡುತ್ತೀರಾ ಎಂದು ಕೇಳಿದರು. ಸಂಜೆ ಬೇಕರಿಯ ಮುಂದೆ ಬಸ್ಸಿಗೆ ಕಾಯುವಾಗ ಆಕಾಶ ನೋಡುತ್ತ ನಿಂತೆ.

ಕೊನೆಯ ದಿನ ಅದೇ ಡಾಂಗ್ರಿಯಲ್ಲಿ ಡ್ರೈವಿಂಗ್ ಸ್ಕೂಲಿಗೆ ಹೋದೆ. ಹೆಂಡತಿ ಎಂಟು ಸಾವಿರ ಎಣಿಸಿ ಕೊಟ್ಟಳು. ಕೌಂಟರಿನಾತ ನನ್ನತ್ತ ತಿರುಗಿ, “ಗ್ರೀಸ್ ಹಚ್ಚೋನು ಹಿಂದಿನ ಗೇಟಿಂದ ಬರಬೇಕಪ್ಪಾ” ಎಂದ. ಹೆಂಡತಿ ನಗಲಿಲ್ಲ. “ಅವರು ನಮ್ಮ ಯಜಮಾನರು” ಎಂದಳು. ರಸೀದಿ ಅವಳ ಕೈಗೆ ಬಂತು. ಆ ಚೀಟಿಯನ್ನು ಅವಳು ಎರಡು ಸಲ ಓದಿ, ಮಡಿಸಿ, ಪರ್ಸಿನ ಒಳಗಿನ ಜಿಪ್ಪಿನಲ್ಲಿಟ್ಟಳು. ಮುಖ ಇಷ್ಟಗಲವಾಗಿತ್ತು.

ಮೆಟ್ಟಿಲಿಳಿಯುವಾಗ, ಅವಳ ಮನಸ್ಸು ಚೆನ್ನಾಗಿರುವುದು ನೋಡಿಕೊಂಡು, ಮೂರು ದಿನದಿಂದ ಗಂಟಲಲ್ಲಿ ಸಿಕ್ಕಿಕೊಂಡಿದ್ದನ್ನು ಕೇಳಿಯೇಬಿಟ್ಟೆ.

“ಅಲ್ಲ ಕಣೇ, ಒಂದೂವರೆ ವರ್ಷ! ಕದ್ದುಮುಚ್ಚಿ ಹೊಲಿಸೋ ಬದಲು ‘ರೀ, ನೀವು ದಪ್ಪ ಆಗ್ತಿದ್ದೀರ’ ಅಂತ ನನಗೆ ಒಂದು ಮಾತು ಹೇಳಬಾರದಾಗಿತ್ತಾ?”

“ಹೇಳಿದ್ರೆ ನೀವು ಓಡೋಕೆ ಶೂ ತಗೋತಿದ್ರಿ, ಜಿಮ್ಮಿಗೆ ವರ್ಷದ ಫೀಸು ಕಟ್ತಿದ್ರಿ, ಎರಡನೇ ದಿನ ಬಿಟ್ಟುಬಿಡ್ತಿದ್ರಿ” ಎಂದಳು ನನ್ನ ಹೆಂಡತಿ. “ಹೇಳೋದಕ್ಕಿಂತ ಹೊಲಿಸೋದೇ ಅಗ್ಗ ಇತ್ತು ರೀ.”